ಸೀರೆ ಜೋಲಿಯೊಳಗಿನ ಬಾವಲಿ

ಬಾವಲಿ ನಮ್ಮ ಮನೆಯೊಳಗೆ ಬಂದ ದಿನ ಹುಳ ನಾಲ್ಕನೇ ಜ್ವರದಿಂದ ಎದ್ದು ಮೂರು ದಿನವಾಗಿತ್ತು. ರೇಷ್ಮೆ ಹುಳ ಸೊಪ್ಪು ತಿನ್ನುವುದು ಬಿಟ್ಟು, ತಲೆಯೆತ್ತಿ, ಪೊರೆ ಕಳಚುವವರೆಗೆ ಅಲ್ಲಾಡದೆ ಕೂರುತ್ತದಲ್ಲ, ಅದನ್ನು ನಾವು ಜ್ವರ ಅನ್ನುತ್ತೇವೆ. ನಾಲ್ಕು ಸಲ ಹಾಗೆ ಕೂತು ಎದ್ದ ಮೇಲೆ ಅವಕ್ಕೆ ಎಷ್ಟು ಹಾಕಿದರೂ ಸಾಲದು. ಆ ವಾರ ಮನೆಯವರ ಊಟ ನಿದ್ದೆ ಎಲ್ಲ ಹುಳದ ಲೆಕ್ಕದಲ್ಲೇ ನಡೆಯುತ್ತದೆ.

ಮಕ್ಕಳೇ, ನಿಮ್ಮಲ್ಲಿ ಒಬ್ಬಳ ಹೊರತು ಯಾರೂ ಆಗ ಹುಟ್ಟಿರಲಿಲ್ಲ. ಆ ಒಬ್ಬಳಿಗೆ ಆಗ ಎರಡು ತಿಂಗಳು ದಾಟಿತ್ತು. ನನ್ನ ಮಗಳು ಬಾಣಂತನಕ್ಕೆ ಯಳಂದೂರಿನಿಂದ ಬಂದು ನಮ್ಮ ಮನೆಯಲ್ಲಿದ್ದಳು. ನಿಮ್ಮ ತಾತ ಹೋಗಿ ಎರಡು ವರ್ಷವಾಗಿತ್ತು. ಮಗನಿಗೆ ಇನ್ನೂ ಮದುವೆಯಾಗಿರಲಿಲ್ಲ. ನಾನು, ಮಗ, ಮಗಳು, ಕೂಸು, ಮತ್ತೆ ಒಂದು ಗೋಡೆಯಾಚೆ ನಿಮ್ಮ ತಾತನ ಅಣ್ಣನ ಹೆಂಡತಿ. ಅವಳನ್ನು ನಾನು ಅಕ್ಕ ಅನ್ನುತ್ತೇನೆ.

ನಮ್ಮ ಮನೆಯಲ್ಲಿ ನಡುಮನೆಗೆ ಅಂಟಿಕೊಂಡೇ ಹುಳದ ಕೋಣೆ. ಊಜಿ ನೊಣ ಒಂದು ಒಳಗೆ ಬಂದರೆ ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಆಮೇಲೆ ಅದರ ಮರಿ ಹುಳವನ್ನು ಒಳಗಿಂದ ತಿಂದು ಸಾಯಿಸುತ್ತದೆ. ಅದಕ್ಕೇ ಎಲ್ಲ ಕಿಟಕಿಗೂ, ಹುಳದ ಕೋಣೆಯ ಬಾಗಿಲಿಗೂ, ಮುಂಬಾಗಿಲಿಗೂ ನೈಲಾನ್ ಬಲೆ ಹೊಡೆಸಿದ್ದೆವು. ಹಾರುವುದು ಏನೇ ಕಂಡರೂ ಮೊದಲು ಬಲೆ ಎಳೆಯಬೇಕು. ಮದುವೆಯಾಗಿ ಬಂದ ವಾರದಲ್ಲೇ ನನ್ನ ಅತ್ತೆ ಕಲಿಸಿದ್ದು ಇದು. ಅವರು ಕಲಿಸಿದ್ದನ್ನು ನನ್ನ ಕೈಕಾಲು ನನ್ನನ್ನು ಕೇಳದೆಯೇ ಮಾಡುತ್ತಿದ್ದವು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಮುಂಬಾಗಿಲ ಬಲೆ ಸರಿಸುತ್ತೇವೆ. ಹಿತ್ತಲ ಬಾಗಿಲು ಮುಚ್ಚಿ, ಮುಂಬಾಗಿಲು ತೆರೆದು, ಹೊಸ್ತಿಲ ಬಳಿ ದೀಪ ಇಟ್ಟು ಕೈಮುಗಿದು ಮತ್ತೆ ಬಲೆ ಹಾಕುವುದು ರೂಢಿ. ಆ ದಿನ ಬೆಳಗಿನಿಂದ ಸೊಪ್ಪಿನ ಕೆಲಸದಲ್ಲೇ ಹೊತ್ತು ಹೋಗಿ ಮಗಳ ಸ್ನಾನ ಸಂಜೆಗೆ ಬಿದ್ದಿತ್ತು. ಹಿತ್ತಲ ಬಚ್ಚಲಿನಲ್ಲಿ ಅಕ್ಕ ಅವಳಿಗೆ ನೀರು ಹಾಕುತ್ತಿದ್ದಳು. ಮಗ ಸೊಪ್ಪು ತರಲು ಹೋಗಿದ್ದ. ಕೂಸು ನಡುಮನೆಯ ತೊಲೆಯ ಕೊಕ್ಕೆಗೆ ಕಟ್ಟಿದ್ದ ಸೀರೆ ಜೋಲಿಯಲ್ಲಿ ಮಲಗಿತ್ತು. ಮನೆಯೊಳಗೆ ಕೂಸನ್ನು ನೋಡಿಕೊಳ್ಳಲು ಇದ್ದವಳು ನಾನೊಬ್ಬಳೇ.

ಕೈಮುಗಿದು ಕಣ್ಣು ಬಿಡುವಷ್ಟರಲ್ಲಿ ಏನೋ ಕಪ್ಪಗೆ ನನ್ನ ತಲೆಯ ಪಕ್ಕದಿಂದ ಒಳಗೆ ಹೋಯಿತು. ಸದ್ದಿಲ್ಲ. ಗಾಳಿ ಮಾತ್ರ ಕಿವಿಗೆ ಬಡಿಯಿತು. ದೀಪ ಅಲ್ಲಾಡಿತು.

ನಾನು ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತೇನೆ. ಮೊದಲು ಮುಂಬಾಗಿಲ ಬಲೆ ಎಳೆದು ಕೊಂಡಿ ಹಾಕಿದೆ. ಹೊರಗಿನಿಂದ ಇನ್ನೊಂದು ಬರಬಾರದಲ್ಲ. ಆಮೇಲೆ ದೊಡ್ಡ ಬಲ್ಬು ಹಾಕಿದೆ. ಬಾವಲಿ ಅಂತ ಗೊತ್ತಾದದ್ದು ಆಗ. ಅಂಗೈ ಅಗಲದ್ದು, ಸೂರಿನ ಕೆಳಗೆ ಗೋಡೆಯಿಂದ ಗೋಡೆಗೆ ಸುತ್ತುತ್ತಿತ್ತು. ಒಂದು ಸುತ್ತಿನಲ್ಲಿ ಹುಳದ ಕೋಣೆಯ ಬಾಗಿಲ ತನಕ ಬಂದು ತಿರುಗಿತು. ನಾನು ಜೋಲಿಯ ಪಕ್ಕದಿಂದಲೇ ಓಡಿ, ಹುಳದ ಕೋಣೆಯೊಳಗೆ ಹೋಗಿ, ಹಿಂದಿನಿಂದ ಬಲೆ ಎಳೆದುಕೊಂಡೆ.

ಅಂದರೆ ಬಾವಲಿಯನ್ನು ಕೂಸಿನ ಜೊತೆ ಕೂಡಿಹಾಕಿ ನಾನು ಹುಳದ ಜೊತೆ ಒಳಗಿದ್ದೆ.

ಇನ್ನೊಂದು ಒಳಗೆ ಸೇರಿಕೊಂಡಿದೆಯೇನೋ ಎಂದು ಹುಳ ಸಾಕುವ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಕೂಸು ಒಂದು ಸಲ ಅತ್ತಿತು. ಒಂದೇ ಸಲ, ಚಿಕ್ಕದಾಗಿ, ಆಮೇಲೆ ನಿಂತಿತು. ನಿದ್ದೆಯಲ್ಲಿ ಕೂಸು ಹಾಗೆ ಅಳುವುದುಂಟು. ಇನ್ನೆರಡು ತಟ್ಟೆ ಉಳಿದಿದ್ದವು. ಅವನ್ನೂ ನೋಡಿದೆ. ಆಮೇಲೆ ಬಂದೆ.

ನಡುಮನೆಯಲ್ಲಿ ಏನೂ ಹಾರುತ್ತಿರಲಿಲ್ಲ. ತೊಲೆ ನೋಡಿದೆ, ದೇವರ ಪಟದ ಹಿಂದೆ ನೋಡಿದೆ. ಎಲ್ಲೂ ಇಲ್ಲ. ಹೋಯಿತೇ ಅಂದರೆ ಬಲೆಯ ಕೊಂಡಿ ಹಾಕಿದ ಹಾಗೇ ಇದೆ. ಉಳಿದದ್ದು ಜೋಲಿಯೊಂದೇ. ಜೋಲಿಯ ಬಾಯಿ ಅಗಲಿಸಿದೆ. ಕೂಸು ಕಣ್ಣು ಬಿಟ್ಟು ಮಲಗಿತ್ತು. ಅದರ ತಲೆಯಿಂದ ಒಂದು ಗೇಣು ಮೇಲೆ, ಸೀರೆಯ ಮಡಿಕೆಗೆ ಉಗುರು ಸಿಕ್ಕಿಸಿಕೊಂಡು, ಬಾವಲಿ ತಲೆಕೆಳಗಾಗಿ ಕೂತಿತ್ತು. ಅದರ ಮೈ ಉಸಿರಿಗೆ ಏರಿಳಿಯುತ್ತಿತ್ತು. ಬಾಯಿ ಅರ್ಧ ತೆರೆದಿತ್ತು. ಹಲ್ಲು ಕಂಡವು, ಸೂಜಿಯ ಮೊನೆಯಷ್ಟು ಸಣ್ಣವು.

ಕೈ ಕೆಳಗಿನಿಂದ ತೂರಿಸಿ ಕೂಸನ್ನು ಮೆಲ್ಲಗೆ ಜಾರಿಸಿಕೊಂಡೆ. ಎತ್ತುವಾಗ ಬಾವಲಿಯ ರೆಕ್ಕೆ ನನ್ನ ಬೆರಳಿಗೆ ತಾಕಿತು. ಬೆಚ್ಚಗಿತ್ತು. ಅದು ಕದಲಲಿಲ್ಲ. ನಾನು ಹಿಂದಕ್ಕೇ ನಡೆದು ಹೋಗಿ ಹಿತ್ತಲ ಬಾಗಿಲು ತೆಗೆದೆ.

"ಅಕ್ಕಾ" ಅಂದೆ. ನನಗೇ ಕೇಳಿಸಲಿಲ್ಲ. ಎರಡನೇ ಸಲ ಕರೆದಾಗ ಬಚ್ಚಲಿನಿಂದ ಅಕ್ಕ ತಲೆ ಹಾಕಿದಳು.

"ಏನ್ಲೇ, ದೀಪದೊತ್ತಲ್ಲಿ ಇತ್ಲ ಬಾಗ್ಲು ತಗುದ್ಬುಟ್ಟಿದ್ದೀಯ?"

"ಜೋಲೀಲಿ ಬಾವಲಿ ಕೂತದೆ."

"ಕೂಸು?"

"ಕೂಸು ನನ್ ಕೈಲದೆ."

ಮಗಳು ಒದ್ದೆ ಕೂದಲಲ್ಲೇ ಬಂದು ಕೂಸನ್ನು ಕಿತ್ತುಕೊಂಡಳು. ಅಷ್ಟರಲ್ಲಿ ಮಗನ ಬೈಕಿನ ಸದ್ದಾಯಿತು. ಸೊಪ್ಪಿನ ಹೊರೆ ಇಳಿಸಿ ವಿಷಯ ಕೇಳಿದವನೇ ಪೊರಕೆ ಹಿಡಿದು ಒಳಗೆ ಹೊರಟ.

"ಒಂದೇಟು ಸಾಕು ದೊಡ್ಡವ್ವ."

"ಮಡುಗ್ಲಾ ಪೊರ್ಕೆಯ" ಎಂದು ಅಕ್ಕ ಅವನ ರಟ್ಟೆ ಹಿಡಿದಳು. "ನೀನು ಒಡೀತೀಯ, ಅದು ಅರ್ಧ ಸಾಯ್ತದೆ, ಎತ್ತಾಕಕೆ ಅಂತ ಕೈ ಇಕ್ತೀಯ, ಕಚ್ತದೆ."

"ಮತ್ತೆ ಒಗೆ ಆಕನಾ?"

"ಉಳದ ಮನೇಲಿ ಒಗೆನಾ? ನಿಮ್ಮವ್ವ ನಿನ್ನ ಮನೆಯಿಂದ ಆಚ್ಗೆ ಆಕ್ತಾಳೆ."

ಹೊಗೆ ತಾಗಿದರೆ ಹುಳ ಸೊಪ್ಪು ಮುಟ್ಟುವುದಿಲ್ಲ. ಅವರಿಬ್ಬರೂ ನಕ್ಕರು. ನನಗೆ ಆ ನಗು ಮೈಮೇಲೆ ಬಿದ್ದ ಹಾಗಾಯಿತು.

ಅಕ್ಕನ ತವರು ಗೋಪಿನಾಥದ ಕಡೆ, ಕಾಡಿನ ಅಂಚು. ಅವಳ ಮಾತಿನಲ್ಲಿ ಅರ್ಧ ತಮಿಳು. ಬಾವಲಿಗೆ ಅವಳು ವವ್ವಾಲು ಅನ್ನುತ್ತಾಳೆ. "ನಮ್ ಕಡೆ ವವ್ವಾಲು ಒಳಕ್ಕೆ ಬಂದ್ರೆ ನಮ್ಮಪ್ಪ ದೀಪ ಆರ್ಸಿ, ಬಾಗ್ಲು ಕಿಟ್ಕಿ ತಗುದು, ಜಗಲಿ ಮ್ಯಾಲೆ ಬೀಡಿ ಅಚ್ಕಂಡು ಕೂತ್ಕಳೋನು. ಬೀಡಿ ಮುಗಿಯೋದ್ರೊಳಗೆ ಅದು ಓಗಿರದು. ಇಲ್ಲಿ ನೋಡಿದ್ರೆ ಇವ್ಳು ಬಲೆ ಎಳ್ದು ಕೊಂಡಿ ಆಕವ್ಳೆ. ಅದಾದ್ರೂ ಎಲ್ಗೋಗಾದು?"

ಅವಳು ಹೇಳಿದ ಹಾಗೇ ಮಾಡಿದೆವು. ಹುಳದ ಕೋಣೆಯ ಬಲೆ ಬಿಗಿಯಾಗಿದೆಯೇ ನೋಡಿ, ನಡುಮನೆಯ ಬಲ್ಬು ಆರಿಸಿ, ಮುಂಬಾಗಿಲ ಬಲೆ ಪೂರಾ ಸರಿಸಿ, ನಾವು ಐದೂ ಜನ ಜಗಲಿಯ ಆ ತುದಿಯಲ್ಲಿ ಕೂತೆವು. ಮಾತಾಡಬಾರದು ಅಂದಿದ್ದಳು ಅಕ್ಕ. ಕತ್ತಲೆಯ ಬಾಗಿಲು ನೋಡುತ್ತಾ ಕೂತೆವು. ಏನೂ ಹೊರಗೆ ಬರಲಿಲ್ಲ. ಮಗ ಟಾರ್ಚು ಹಿಡಿದು ಇಣುಕಿ ಬಂದು "ಅಲ್ಲೇ ಅದೆ" ಅಂದ. ಇನ್ನಷ್ಟು ಹೊತ್ತು ಕೂತೆವು. ಮತ್ತೆ ನೋಡಿದ. ಅಲ್ಲೇ ಇತ್ತು. ಸುತ್ತಿ ಸುತ್ತಿ ದಣಿದಿದೆ ಅಂದಳು ಅಕ್ಕ.

ಕೊನೆಗೆ ಅವಳೇ ಇನ್ನೊಂದು ದಾರಿ ಹೇಳಿದಳು. ಮಗ ಹೆಲ್ಮೆಟ್ ಹಾಕಿಕೊಂಡು, ಎರಡು ಕೈಗೂ ಗೋಣಿಚೀಲವನ್ನು ಎರಡೆರಡು ಸುತ್ತು ಸುತ್ತಿಕೊಂಡ.

"ಮದ್ವೆ ಗಂಡು ಒಂಟ" ಅಂದಳು ಅಕ್ಕ.

"ಸುಮ್ನಿರು ದೊಡ್ಡವ್ವ, ಯಂಗೆ ಇಡೀಬೇಕು ಯೋಳು."

"ಜೋಲಿ ಬಾಯಿ ಮಾತ್ರ ಮುಚ್ಚು. ಇಚುಕಬ್ಯಾಡ. ನಿಧಾನಕ್ಕೆ."

ಅವನು ಜೋಲಿಯ ಬಾಯನ್ನು ಗೋಣಿಯ ಕೈಯಲ್ಲಿ ಕೂಡಿಸಿ ಹಿಡಿದು, ಗಂಟನ್ನು ಕೊಕ್ಕೆಯಿಂದ ಬಿಡಿಸಿ, ಸೀರೆ ಸಮೇತ ಹೊರಗೆ ತಂದ. ಮೈಯಿಂದ ದೂರಕ್ಕೆ ಕೈ ಚಾಚಿ ಹಿಡಿದಿದ್ದ. ಒಳಗಿನಿಂದ ಚಿಕ್ ಚಿಕ್ ಎಂದು ಸದ್ದು ಬರುತ್ತಿತ್ತು. ನೆಲದ ಮೇಲೆ ಬಿಡಬೇಡ, ನೆಲದಿಂದ ಅದಕ್ಕೆ ಏಳಲಾಗುವುದಿಲ್ಲ ಎಂದಳು ಅಕ್ಕ. ಅಂಗಳದ ಹೊಂಗೆ ಮರದ ಕೊಂಬೆಗೆ ಸೀರೆ ಸಿಕ್ಕಿಸಿ, ಬಾಯಿ ಸಡಿಲ ಮಾಡಿ, ಹಿಂದಕ್ಕೆ ಬಂದ. ಸ್ವಲ್ಪ ಹೊತ್ತಿಗೆ ಅದು ಸೀರೆಯ ಅಂಚಿಗೆ ತೆವಳಿಕೊಂಡು ಬಂದು, ಕೆಳಕ್ಕೆ ಬಿದ್ದಂತೆ ಮಾಡಿ, ಬೀದಿ ದೀಪದ ಬೆಳಕಿನಲ್ಲಿ ಒಮ್ಮೆ ಕಂಡು ಹೋಯಿತು.

ಎಲ್ಲರೂ ಉಸಿರು ಬಿಟ್ಟರು. ಅಕ್ಕ ನನ್ನ ಕಡೆ ತಿರುಗಿ ಕೇಳಿದಳು. "ಅದು ಜೋಲಿಗೆ ಬಂದಾಗ ನೀನು ಎಲ್ಲಿದ್ದೆ?"

"ಇಲ್ಲೇ ಇದ್ದೆ."

"ಕೂಸ್ನ ಮ್ಯಾಲೆ ಬಿದ್ದಿಲ್ಲ ತಾನೆ?"

"ಇಲ್ಲ. ಅದು ಬಂದೇಟ್ಗೆ ಎತ್ಕಂಡೆ."

ಮಗಳು ನನ್ನ ಮುಖ ನೋಡಿ, ನಂಬಿದಳು. ದೀಪದ ಕೆಳಗೆ ಕೂಸಿನ ಬಟ್ಟೆ ಬಿಚ್ಚಿ ನೋಡಿದಾಗ ಎಡಗಿವಿಯ ಹಿಂದೆ ಅಕ್ಕಿ ಕಾಳಿನಷ್ಟು ಉದ್ದದ ಕೆಂಪು ಗೆರೆ ಇತ್ತು. "ಉಗುರು ಕಣವ್ವ. ನೆನ್ನೆನೂ ಕೆನ್ನೆ ಪರ್ಚ್ಕಂಡಿತ್ತು" ಅಂದಳು. ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಅಕ್ಕ ದೃಷ್ಟಿ ತೆಗೆದಳು. ನಾನು ಹುಳಕ್ಕೆ ಸೊಪ್ಪು ಹಾಕಲು ಹೋದೆ. ಅಲ್ಲಿಗೆ ಎಲ್ಲರಿಗೂ ಮುಗಿಯಿತು, ನನ್ನೊಬ್ಬಳನ್ನು ಬಿಟ್ಟು.

ಆ ಗೆರೆಯ ಒಂದು ತುದಿಯಲ್ಲಿ ಎರಡು ಚುಕ್ಕಿ ಇದ್ದವು. ಇದ್ದವೋ, ನನ್ನ ಕಣ್ಣಿಗೆ ಹಾಗೆ ಕಂಡವೋ, ಇವತ್ತಿಗೂ ಗೊತ್ತಿಲ್ಲ. ಮಹಿಳಾ ಸಂಘದ ಸಭೆಗೆ ಒಮ್ಮೆ ಬಂದಿದ್ದ ನರ್ಸಮ್ಮ, ನಾಯಿ ಮಾತ್ರವಲ್ಲ, ಕೋತಿ, ನರಿ, ಬಾವಲಿ, ಯಾವುದು ಕಚ್ಚಿದರೂ ಪರಚಿದರೂ ಅಸಡ್ಡೆ ಮಾಡಬೇಡಿ ಎಂದಿದ್ದರು. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೆ. ಆ ಹುಚ್ಚುನಾಯಿ ರೋಗ ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ಕಂಡವಳು. ನಾನು ಚಿಕ್ಕವಳಾಗಿದ್ದಾಗ ನಮ್ಮ ಬೀದಿಯ ಒಬ್ಬರಿಗೆ ನಾಯಿ ಕಚ್ಚಿ ಗಾಯ ಒಣಗಿ ಎಷ್ಟೋ ದಿನವಾಗಿತ್ತು. ಆಮೇಲೆ ಒಂದು ದಿನ ಅವರು ಚೊಂಬಿನ ನೀರು ಕಂಡು ಗೋಡೆಗೆ ಒತ್ತಿಕೊಂಡು ನಿಂತರು. ನಾವು ಮಕ್ಕಳು ಕಿಟಕಿಯಿಂದ ನೋಡುತ್ತಿದ್ದೆವು. ನಮ್ಮನ್ನು ಎಳೆದುಕೊಂಡು ಹೋದರು. ಮೂರನೇ ದಿನ ಅವರು ಇರಲಿಲ್ಲ.

ಆ ರಾತ್ರಿ ಹೇಗೋ ಬೆಳಗಾಯಿತು. ಬೆಳಿಗ್ಗೆ ಕೂಸು ಎರಡು ಸಲ ಮೊಲೆ ಬಿಟ್ಟು ಮುಖ ತಿರುಗಿಸಿತು. ಶೀತಕ್ಕೆ ಮೂಗು ಕಟ್ಟಿತ್ತು, ಅಷ್ಟೇ. ಅದು ನನಗೂ ಗೊತ್ತಿತ್ತು. ಕಾಯಿಲೆ ಒಂದೇ ರಾತ್ರಿಗೆ ಬರುವುದಿಲ್ಲ ಎಂದೂ ಗೊತ್ತಿತ್ತು. ಆದರೂ ನನ್ನ ಕಾಲು ನಿಲ್ಲಲಿಲ್ಲ. ಸೊಪ್ಪಿನ ಮೇಲಿಂದ ಎದ್ದು ಮಗಳ ಮುಂದೆ ಹೋಗಿ ಕೂತೆ.

"ನೆನ್ನೆ ನಾನು ಸುಳ್ಳು ಯೋಳ್ದೆ ಮಗ."

ಅವಳು ಕೂಸಿನ ಮೂಗು ಒರೆಸುತ್ತಿದ್ದಳು. ಕೈ ನಿಂತಿತು.

"ಅದು ಜೋಲಿಗೆ ಬಂದಾಗ ನಾನು ಉಳದ ಕೋಣೇಲಿದ್ದೆ. ಕೂಸು ಒಂದ್ಸಲ ಅತ್ತುದ್ದು ಕೇಳುಸ್ತು. ಇನ್ನೆರಡು ತಟ್ಟೆ ನೋಡಿ ಬಂದೆ."

ಅವಳು ಬೈಯಲಿಲ್ಲ. "ಉಳ ಮೊದ್ಲಾ ಅವ್ವ?" ಅಂದಳು. ಆಮೇಲೆ ಎದ್ದು ಬ್ಯಾಗಿಗೆ ಕೂಸಿನ ಬಟ್ಟೆ ತುಂಬತೊಡಗಿದಳು.

ಹುಳವನ್ನು ಅಕ್ಕನಿಗೂ ಮಗನಿಗೂ ಬಿಟ್ಟು ನಾವಿಬ್ಬರೂ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆಂದು ಹನೂರು ಕಡೆಯಿಂದ ಬಂದ ಬಸ್ಸು ಹತ್ತಿದೆವು. ಕೊಳ್ಳೇಗಾಲದವರೆಗೆ ಮಗಳು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಕೂಸು ನನ್ನ ತೋಳಿಗೆ ತಾಕುತ್ತಿತ್ತು. ಮುಟ್ಟಲು ನನಗೆ ಧೈರ್ಯ ಬರಲಿಲ್ಲ.

ನಿಮ್ಮ ತಾತ ಇರುವ ತನಕ ಆಸ್ಪತ್ರೆಯಲ್ಲಿ, ಆಫೀಸಿನಲ್ಲಿ ನಾನು ಬಾಯಿ ಬಿಟ್ಟವಳಲ್ಲ. ನನ್ನ ಹೊಟ್ಟೆನೋವನ್ನೂ ಡಾಕ್ಟರಿಗೆ ಅವರೇ ಹೇಳುತ್ತಿದ್ದರು, ನಾನು ಹಿಂದೆ ನಿಂತು ತಲೆಯಾಡಿಸುತ್ತಿದ್ದೆ. ಅವತ್ತು ಡಾಕ್ಟರು ಕೂಸಿನ ಕಿವಿಯ ಹಿಂದೆ ಬೆಳಕು ಬಿಟ್ಟು ನೋಡಿ, "ಯಾರು ನೋಡಿದ್ದು?" ಎಂದರು. ಮಗಳು ನನ್ನ ಕಡೆ ಕೈ ತೋರಿಸಿದಳು. ಕೋಣೆಯ ತುಂಬಾ ಜನ. ಚೀಟಿ ಹಿಡಿದು ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಬಾವಲಿ ಮಗು ಮೇಲೆ ಕೂತಿದ್ದು ಕಂಡ್ರಾ?"

"ಇಲ್ಲ ಸಾ. ಜೋಲಿ ಒಳ್ಗೆ, ತಲೆ ಮ್ಯಾಲೆ ಕೂತಿತ್ತು."

"ಮಗು ಒಂದೇ ಇತ್ತಾ? ಎಷ್ಟು ಹೊತ್ತು?"

ಎಷ್ಟು ನಿಮಿಷ ಅಂತ ನನಗೆ ಹೇಳಲು ಬರಲಿಲ್ಲ. "ಅದ್ನಾರು ತಟ್ಟೆ ಉಳ ನೋಡೋಷ್ಟೊತ್ತು ಸಾ" ಅಂದೆ. "ಅದ್ನಾಕನೇ ತಟ್ಟೆ ನೋಡ್ವಾಗ ಅತ್ತುತ್ತು. ನಾನು ತಕ್ಷಣಕ್ಕೆ ಬರ್ನಿಲ್ಲ. ಉಳುದ್ ಎಲ್ಲಾನೂ ನೋಡಿ ಬಂದೆ."

ಯಾರೋ ಹಿಂದಿನಿಂದ "ಅಯ್ಯೋ ಶಿವನೇ" ಅಂದದ್ದು ಕೇಳಿಸಿತು. ಡಾಕ್ಟರು ಮಾತ್ರ ಬರೆದುಕೊಳ್ಳುತ್ತಿದ್ದರು. ಆಮೇಲೆ ಮಗಳಿಗೆ ಹೇಳಿದರು. ಇದು ಉಗುರೋ ಹಲ್ಲೋ ನೋಡಿ ಹೇಳಲಾಗುವುದಿಲ್ಲ, ಬಾವಲಿಯ ಹಲ್ಲು ಅಷ್ಟು ಸಣ್ಣದು. ನಮ್ಮ ಕಡೆ ಬಾವಲಿಯಿಂದ ಹುಚ್ಚುನಾಯಿ ರೋಗ ಬಂದದ್ದು ಅವರು ಕಂಡಿಲ್ಲ. ಆದರೆ ಆ ಕಾಯಿಲೆ ಶುರುವಾದ ಮೇಲೆ ಔಷಧಿಯಿಲ್ಲ. ಮಗು ಬಾಯಿಬಿಟ್ಟು ಹೇಳುವುದಿಲ್ಲ, ನೋಡಿದವರೂ ಇಲ್ಲ. ಹಾಗಾಗಿ ಕಚ್ಚಿದೆ ಅಂತಲೇ ತಿಳಿದು ಇವತ್ತೇ ಇಂಜೆಕ್ಷನ್ ಶುರು ಮಾಡಬೇಕು. ನೆನ್ನೆಯೇ ಸೋಪು ಹಾಕಿ, ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಬೇಕಿತ್ತು. ಈಗಲಾದರೂ ತೊಳೆಯಿರಿ ಎಂದು ನಲ್ಲಿಯ ಬಳಿ ಕಳಿಸಿದರು.

ಮಗಳು ಕೂಸನ್ನು ಹಿಡಿದಳು, ನಾನು ತೊಳೆದೆ. ಕೂಸು ಕಿರುಚಿಕೊಂಡಿತು. ನಾನು ನಿಲ್ಲಿಸಲಿಲ್ಲ. ನನ್ನ ಕೈ ನೋಡಿದ ಆಸ್ಪತ್ರೆಯ ನರ್ಸಮ್ಮ, "ನೀವೇನಾದ್ರೂ ಮುಟ್ಟಿದ್ರಾ ಅದನ್ನ?" ಎಂದರು. ಸೊಪ್ಪು ಕೊಯ್ದು ಕೊಯ್ದು ನನ್ನ ಬೆರಳ ತುಂಬಾ ಹಸಿ ಗೀರುಗಳು. ಎತ್ತುವಾಗ ರೆಕ್ಕೆ ತಾಕಿದ್ದನ್ನು ಹೇಳಿದೆ. ಅವರು ಡಾಕ್ಟರನ್ನು ಕೇಳಿ ಬಂದು ನನಗೂ ಚೀಟಿ ಬರೆಸಿದರು. ಕೂಸಿಗೆ ಗಾಯದ ಸುತ್ತ ಒಂದು ಬೇರೆ ಮದ್ದು ಚುಚ್ಚಿ, ತೊಡೆಗೆ ಇಂಜೆಕ್ಷನ್ ಕೊಟ್ಟರು. ಆ ಸೂಜಿ ಹೋಗುವುದನ್ನು ಮಗಳು ನೋಡಲಿಲ್ಲ, ನಾನು ನೋಡಿದೆ.

ಇಂಜೆಕ್ಷನ್ ಒಟ್ಟು ಐದು ಸಲ. ಮೊದಮೊದಲು ಬೇಗ ಬೇಗ, ಆಮೇಲೆ ದೂರ ದೂರ, ಒಂದು ತಿಂಗಳ ತನಕ. ಪ್ರತಿ ಸಲವೂ ಅದೇ ಬಸ್ಸು. ನಡುವೆ ಹುಳ ಬಲಿತು ಹಣ್ಣಾಗಿ, ಗೂಡು ಕಟ್ಟಿ, ಮಗ ಗೂಡು ಬಿಡಿಸಿ ಮಾರ್ಕೆಟ್ಟಿಗೆ ಒಯ್ದ. ಆ ಸಲದ ಗೂಡು ಹೇಗಿತ್ತೋ ನನಗೆ ನೆನಪಿಲ್ಲ. ನೆನಪಿರುವುದು ಕೂಸು ಹಾಲು ನುಂಗುವ ಸದ್ದು. ಅದು ಮೊಲೆಗೆ ಬಾಯಿ ಹಾಕಿದಾಗಲೆಲ್ಲ ನಾನು ಗೋಡೆಯಾಚೆ ನಿಂತು ಕೇಳುತ್ತಿದ್ದೆ. ಒಮ್ಮೆ ಕೆಮ್ಮಿದರೆ ಅಡಿಗೆ ಮನೆಯಲ್ಲಿ ನನ್ನ ಕೈಯಿಂದ ಪಾತ್ರೆ ಬೀಳುತ್ತಿತ್ತು. ಮಗಳು ನನ್ನೊಂದಿಗೆ ಮಾತಾಡುತ್ತಿದ್ದಳು, ಉಪ್ಪು, ಬಟ್ಟೆ, ಬಸ್ಸಿನ ಹೊತ್ತು, ಅಷ್ಟು. ಸ್ನಾನಕ್ಕೆ ಹೋಗುವಾಗ ಕೂಸನ್ನು ಅಕ್ಕನ ಕೈಗೆ ಕೊಟ್ಟು ಹೋಗುತ್ತಿದ್ದಳು.

ಮೊದಲ ದಿನವೇ ಆಸ್ಪತ್ರೆಯಿಂದ ಅವಳು ಗಂಡನಿಗೆ ಫೋನು ಮಾಡಿ ಹೇಳಿದ್ದಳು. ಅಳಿಯಂದಿರು ಬಂದು ನೋಡಿಕೊಂಡು ಹೋದರು. ನನಗೆ ಏನೂ ಅನ್ನಲಿಲ್ಲ. "ನಮ್ಮವ್ವಂಗೆ ಮಾತ್ರ ನೀವೇ ಯೋಳಿ ಅತ್ತೆ, ನಾನು ಬಾಯಿ ಬುಡಲ್ಲ" ಅಂದಿದ್ದರು.

ಕೊನೆಯ ಇಂಜೆಕ್ಷನ್ ಆದಾಗ ಡಾಕ್ಟರು, ಇನ್ನು ಭಯ ಬಿಡಿ ಎಂದರು. ಮರುವಾರ ಮಗಳನ್ನೂ ಕೂಸನ್ನೂ ಯಳಂದೂರಿಗೆ ಬಿಡಲು ಹೋದೆ. ಅವಳ ಅತ್ತೆ ನಮ್ಮನ್ನು ಚಾಪೆಯ ಮೇಲೆ ಕೂರಿಸಿ ನೀರು ಕೊಟ್ಟರು. ನಾನು ಚೊಂಬು ಮುಟ್ಟದೆ ಮೊದಲು ಹೇಳಿದೆ. ಬಲೆ ಹಾಕಿದ್ದು, ಹುಳದ ಕೋಣೆಗೆ ಓಡಿದ್ದು, ಕೂಸು ಅತ್ತದ್ದು, ಎರಡು ತಟ್ಟೆ, ಆಮೇಲೆ ಹೇಳಿದ ಸುಳ್ಳು. ಅವರು ಕೂಸಿನ ಕಿವಿ ಮಡಿಸಿ ಹಿಂದೆ ನೋಡಿದರು. ಅಲ್ಲಿ ಏನೂ ಉಳಿದಿರಲಿಲ್ಲ.

"ಇನ್ಮೇಲೆ ಕೂಸ ಯಾರ್ ಕೈಲೂ ಬುಡಬ್ಯಾಡ ಕಣವ್ವ" ಎಂದು ಅವರು ಮಗಳಿಗೆ ಹೇಳಿದರು. ನನ್ನ ಎದುರಿಗೇ ಹೇಳಿದರು. ಹೇಳಬೇಕಾದದ್ದೇ. ನಾನು ತಲೆ ತಗ್ಗಿಸಿದೆ.

ಮಗಳು "ಊ ಅತ್ತೆ" ಅಂದಳು. ಆಮೇಲೆ ಅತ್ತೆಯ ಮಡಿಲಿನಿಂದ ಕೂಸನ್ನು ಎತ್ತಿ, ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. "ನೋಡ್ಕತಿರವ್ವ, ಬಟ್ಟೆ ಬದ್ಲಾಯಿಸಿ ಬತ್ತೀನಿ" ಎಂದು ಬ್ಯಾಗು ತೆಗೆದುಕೊಂಡು ಒಳಗೆ ಹೋದಳು.

ಅವಳು ಹೊರಗೆ ಬರುವ ತನಕ ನಾನು ಆ ಮುಖದಿಂದ ಕಣ್ಣು ತೆಗೆಯಲಿಲ್ಲ.